ಗೆರೆ ಸವೆದ ಬೆರಳಿಗೂ ಅನ್ನದ ಹಕ್ಕುಂಟು

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು ಸುಮಾರು ೫೦ ಕಿಲೋಮೀಟರು ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿಯ ಸನ್ನಿಧಿ ಅದು. ತ್ರಿಪುರಾಸುರನನ್ನು ಗೆಲ್ಲುವ ಮುನ್ನ ಸಾಕ್ಷಾತ್ ಪರಶಿವನೇ ಇಲ್ಲಿ ಗಣಪತಿಯನ್ನು ಪೂಜಿಸಿದನೆಂಬುದು ಸ್ಥಳಪುರಾಣ. ಶಿವನಿಗೂ ತಪ್ಪದ ವಿಘ್ನವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಬಡವನಿಗೆ ತಪ್ಪೀತೇ? ಆದರೆ ಈ ಕಾಲದ ಬಡವನಿಗೆ ವಿಘ್ನವನ್ನೊಡ್ಡುವವನು ಅಸುರನಲ್ಲ. ಅಂಗೈಯಗಲದ ಒಂದು ಯಂತ್ರ.

ದೇವಾಲಯದಿಂದ ತುಸು ದೂರದಲ್ಲಿಯೇ ರಾಂಜಣಗಾಂವದ ಕೈಗಾರಿಕಾ ವಸಾಹತು ಇದೆ. ಟಿ.ವಿ., ಫ್ರಿಜ್, ಮೋಟಾರು, ಬಿಸ್ಕತ್ತು, ಇವೆಲ್ಲವೂ ಇಲ್ಲಿ ತಯಾರಾಗುತ್ತವೆ. ೨೦೨೨ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಇಲ್ಲಿಯ ಮೂರನೆಯ ಹಂತದಲ್ಲಿ ಸುಮಾರು ೨೯೭ ಎಕರೆ ನೆಲದ ಮೇಲೆ, ೪೯೨ ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದ ವಿದ್ಯುನ್ಮಾನ ಉತ್ಪಾದನಾ ಸಮುಚ್ಚಯವೊಂದಕ್ಕೆ ಮಂಜೂರಾತಿ ಕೊಟ್ಟಿತು. ಅಂದರೆ ಡಿಜಿಟಲ್ ಭಾರತಕ್ಕೆ ಬೇಕಾದ ಸಲಕರಣೆಗಳನ್ನು ಮಾಡಿಕೊಡುವ ಊರುಗಳಲ್ಲಿ ಇದೂ ಒಂದು. ಆ ಊರಿನಲ್ಲಿ ಇಟ್ಟಿಗೆ ಹೊರುವವರು, ಮೂಟೆ ಇಳಿಸುವವರು, ಪಾತ್ರೆ ತೊಳೆಯುವವರು ಯಾರು? ಕಲಬುರಗಿ, ಬೀದರ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದ ಬಂದ ನಮ್ಮವರೂ ಅವರಲ್ಲಿದ್ದಾರೆ. ಅವರ ಪಾಲಿಗೆ ಈ ಡಿಜಿಟಲ್ ರಾಜ್ಯಭಾರ ಹೇಗೆ ನಡೆದಿದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವು ಪಂಡಿತರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಘಟ್ಟ ಹತ್ತಿ ಬಂದು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಲೋಕವನ್ನು ಓದಿದವರು. ಪತ್ರಿಕೆಯ ಮೇಜಿಗೆ ಬಂದುದು ತೀರ ಈಚೆಗೆ. ಆದುದರಿಂದ ಇಲ್ಲಿ ಬರೆಯುವುದರಲ್ಲಿ ಶಾಸ್ತ್ರಕ್ಕಿಂತ ಅನುಭವವೇ ಹೆಚ್ಚು.

"ನಾ ನಾನೇ ಅಲ್ಲಂತ್ರಿ"

ನಮ್ಮ ಹೊಟೇಲು ರಾಂಜಣಗಾಂವದಲ್ಲಿದ್ದಾಗ ಆಳಂದ ತಾಲೂಕಿನ ಒಬ್ಬ ತಾಯಿ ಆರು ವರ್ಷಗಳ ಕಾಲ ಪಾತ್ರೆ ತೊಳೆಯುವ ಕೆಲಸಕ್ಕಿದ್ದಳು. ವಿಧವೆ. ಜೊತೆಗೆ ಒಬ್ಬ ಮಗ. ಊರಿನಲ್ಲಿ ಅವರಿಬ್ಬರ ಹೆಸರಿನ ರೇಶನ್ ಕಾರ್ಡು ಇತ್ತು. ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲಿಯೂ ಧಾನ್ಯ ಸಿಗುವುದೆಂಬುದನ್ನು ನಾವೇ ಆಕೆಗೆ ತಿಳಿಸಿ ಕಳುಹಿಸಿದ್ದೆವು. ಕೆಲವು ವರ್ಷ ಅಡ್ಡಿಯಿಲ್ಲದೆ ನಡೆಯಿತು.

ನಾವು ಹೊಟೇಲು ಬಿಟ್ಟುಕೊಟ್ಟ ಬಳಿಕ, ೨೦೨೩ರ ಮಳೆಗಾಲದಲ್ಲಿ ಒಂದು ಸಂಜೆ ಆಕೆ ನಮ್ಮನ್ನು ಹುಡುಕಿಕೊಂಡು ಬಂದಳು. ಪಡಿತರದ ಅಂಗಡಿಯಲ್ಲಿ ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು ದೀಪ. ಹತ್ತೂ ಬೆರಳುಗಳನ್ನು ಇಟ್ಟು ನೋಡಿದ್ದಾಯಿತು. "ಅಂಗಠಾ ಉಠತ ನಾಹೀ" ಎಂದು ಅಂಗಡಿಯವನು ಮುಂದಿನವರನ್ನು ಕರೆದ. ಬಂದ ಆಕೆ ನಮ್ಮೆದುರು ನಿಂತು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಸಾವಕಾರ್ರ, ನಾ ನಾನೇ ಅಲ್ಲಂತ ಆ ಮಷೀನ ಹೇಳ್ಲತದಂತ್ರಿ."

ಆಕೆಯ ಕೈ ಹಿಡಿದು ನೋಡಿದೆವು. ಬೆರಳ ತುದಿಗಳು ನುಣ್ಣಗಾಗಿದ್ದವು, ತೊಳೆದಿಟ್ಟ ಪಿಂಗಾಣಿ ತಟ್ಟೆಯಂತೆ. ಆರು ವರ್ಷ ಸಾಬೂನಿನ ಪುಡಿ, ತಂತಿಯ ಜುಂಗು, ಬಿಸಿನೀರು. ಆ ಗೆರೆಗಳನ್ನು ತಿಂದದ್ದು ನಮ್ಮ ಹೊಟೇಲಿನ ಪಾತ್ರೆಗಳೇ. ಇದು ಆಕೆಯೊಬ್ಬಳ ಕತೆಯಲ್ಲ. ಸಿಮೆಂಟು ಕಲಸುವವನ, ಕಬ್ಬು ಕಡಿಯುವವನ, ಎರಕದ ಕಾರ್ಖಾನೆಯಲ್ಲಿ ದುಡಿಯುವವನ ಬೆರಳುಗಳೂ ಹಾಗೆಯೇ ಸವೆಯುತ್ತವೆ. ದುಡಿದಷ್ಟೂ ಗುರುತು ಅಳಿಯುತ್ತದೆ. ಗುರುತು ಅಳಿದವನಿಗೆ ಧಾನ್ಯವಿಲ್ಲ. ಮೇಜಿನ ಮುಂದೆ ಕುಳಿತು ಈ ನಿಯಮ ಮಾಡಿದವರ ಬೆರಳುಗಳಾದರೋ ಒಂದೂ ಸವೆದಿರಲಿಕ್ಕಿಲ್ಲ.

ನಮ್ಮದೇ ಒಂದು ತಪ್ಪು

ಬೆರಳು ಹೊಂದದಿದ್ದರೆ ಮೊಬೈಲಿಗೆ ಬರುವ ಓಟಿಪಿ ಹೇಳಬಹುದೆಂದು ಅಂಗಡಿಯವನು ಅಂದನಂತೆ. ಆ ಓಟಿಪಿ ಯಾರ ಮೊಬೈಲಿಗೆ ಹೋಗುತ್ತಿತ್ತು? ಇಲ್ಲಿ ನಾವು ನಮ್ಮ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಆಕೆಯ ಆಧಾರ್ ಕಾಗದಗಳನ್ನು ಸರಿಪಡಿಸಿದಾಗ, ಆಕೆಯ ಬಳಿ ಮೊಬೈಲಿಲ್ಲವೆಂದು, ಹೊಟೇಲಿನ ಸಂಖ್ಯೆಯನ್ನೇ ನಾವು ಬರೆಸಿದ್ದೆವು. ಆಕೆಯದು ಮಾತ್ರವಲ್ಲ, ಏಳೆಂಟು ಮಂದಿ ಹುಡುಗರದನ್ನೂ ಹಾಗೆಯೇ ಬರೆಸಿದ್ದೆವು. ಉಪಕಾರ ಮಾಡಿದೆವೆಂದೇ ತಿಳಿದಿದ್ದೆವು. ಹೊಟೇಲು ಬಿಟ್ಟಾಗ ಆ ಸಂಖ್ಯೆಯನ್ನೂ ಬಿಟ್ಟೆವು. ಇತ್ತ ಒಂದು ಫೋನು ಆರಿತು. ಅತ್ತ ಎಂಟು ಮಂದಿಯ ಬೀಗದ ಕೈ ಕಳೆದುಹೋಯಿತು.

ಮನೆಗೊಂದು ಮೊಬೈಲು ಬಂದಿದೆ, ಇನ್ನೇನು ಕಷ್ಟ ಎನ್ನುವವರಿದ್ದಾರೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲು ಉಳ್ಳವರು ಶೇಕಡಾ ೫೪ ಮಾತ್ರ; ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಶೇಕಡಾ ೩೩; ಗಂಡಸರಲ್ಲಿ ಶೇಕಡಾ ೫೭. ಮನೆಯ ಫೋನು ಗಂಡನ ಜೇಬಿನಲ್ಲೋ ಮಗನ ಜೇಬಿನಲ್ಲೋ ಇರುತ್ತದೆ; ಒಮ್ಮೊಮ್ಮೆ ಮಾಲೀಕನ ಗಲ್ಲಾಪೆಟ್ಟಿಗೆಯಲ್ಲಿರುತ್ತದೆ. ಓಟಿಪಿ ಯಾರ ಕೈಗೆ ಬರುವುದೋ ಹಕ್ಕು ಅವರ ಕೈಗೆ ಹೋದಂತೆಯೇ ಸರಿ.

ಆ ತಾಯಿಯೊಡನೆ ನಾವು ಆಧಾರ್ ಕೇಂದ್ರಕ್ಕೆ ಹೋದೆವು. ಮೊದಲ ದಿನ ಚೀಟಿ ಮುಗಿದಿತ್ತು, ಎರಡನೆಯ ದಿನ ಸರ್ವರ್ ಇರಲಿಲ್ಲ, ಮೂರನೆಯ ದಿನ ಕೆಲಸವಾಯಿತು. ಮೂರು ದಿನದ ಕೂಲಿ ಹೋಯಿತು. ಮೂರನೆಯ ತಿಂಗಳಿನಿಂದ ಧಾನ್ಯ ಸಿಗತೊಡಗಿತು. ನಡುವಿನ ಎರಡು ತಿಂಗಳ ಪಾಲು, ಇಬ್ಬರಿಗೆ ತಲಾ ೫ ಕಿಲೋದಂತೆ ೨೦ ಕಿಲೋ, ಇಂದಿಗೂ ಬಂದಿಲ್ಲ. ಅದನ್ನು ಯಾರಲ್ಲಿ ಕೇಳಬೇಕೆಂಬುದೂ ಅಂದು ನಮಗೆ ತಿಳಿದಿರಲಿಲ್ಲ.

ಕಾನೂನು ಏನನ್ನುತ್ತದೆ?

ನ್ಯಾಯವಾಗಿ ಹೇಳುವುದಾದರೆ ಈ ಯೋಜನೆಯೇ ಕೆಟ್ಟದ್ದೆಂದು ನಾವು ಹೇಳಲಾರೆವು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೂ ತಿಂಗಳಿಗೆ ೫ ಕಿಲೋ ಧಾನ್ಯವನ್ನು ಹಕ್ಕಾಗಿಯೇ ಕೊಟ್ಟಿತು. ೨೦೨೩ರ ಜನವರಿಯಿಂದ ಆ ಧಾನ್ಯ ಉಚಿತವಾಯಿತು. ಒಂದು ದೇಶ ಒಂದು ರೇಶನ್ ಕಾರ್ಡು ಯೋಜನೆ ೨೦೧೯ರ ಆಗಸ್ಟಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ, ೨೦೨೦ರ ಜನವರಿಯಲ್ಲಿ ಕರ್ನಾಟಕವನ್ನೂ ಒಳಗೊಂಡಿತು. ೨೦೨೦ರ ಲಾಕ್‌ಡೌನಿನಲ್ಲಿ ಕೂಲಿಕಾರರು ನೂರಾರು ಮೈಲಿ ನಡೆದುದನ್ನು ಕಂಡ ಬಳಿಕ, ೨೦೨೧ರ ಜೂನ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳೂ ಜುಲೈ ೩೧ರೊಳಗೆ ಈ ಯೋಜನೆಯನ್ನು ಜಾರಿಗೆ ತರಬೇಕೆಂದು ಆಜ್ಞೆ ಮಾಡಿತು. ೨೦೨೨ರ ಜೂನ್ ವೇಳೆಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಹಿಂದಿನ ಕಾಲದಲ್ಲಿ ಊರು ಬಿಟ್ಟವನ ಕಾರ್ಡು ಊರಿನಲ್ಲಿಯೇ ಸತ್ತಂತೆ. ಇಂದು ಅದು ಅವನ ಹಿಂದೆ ಬರುತ್ತದೆ. ಯಂತ್ರವಿಲ್ಲದೆ ಇದು ಸಾಧ್ಯವಿರಲಿಲ್ಲ. ಈ ಉಪಕಾರವನ್ನು ಮರೆಯಲಾಗದು.

ಹಾಗಾದರೆ ಬೆರಳು ಹೊಂದದಿದ್ದರೆ? ಅದಕ್ಕೂ ಆಜ್ಞೆಯುಂಟು. ೨೦೧೭ರ ಅಕ್ಟೋಬರ ೨೪ರಂದು ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಬರೆದ ಸೂಚನೆಯ ಪ್ರಕಾರ, ಆಧಾರ್ ಇಲ್ಲವೆಂದು ಅರ್ಹರ ಹೆಸರನ್ನು ಪಟ್ಟಿಯಿಂದ ತೆಗೆಯಬಾರದು. ಜಾಲದ ದೋಷ ಅಥವಾ ಬೆರಳ ಗುರುತಿನ ದೋಷದಿಂದ ಧಾನ್ಯ ನಿರಾಕರಿಸಬಾರದು. ಅಂಥವರಿಗೆ ಕೊಟ್ಟುದನ್ನು ಪ್ರತ್ಯೇಕ ದಪ್ತರದಲ್ಲಿ ಬರೆದಿಡಬೇಕು. ೨೦೧೮ರ ಸೆಪ್ಟೆಂಬರ ೨೬ರ ಆಧಾರ್ ತೀರ್ಪಿನಲ್ಲಿಯೂ, ಗುರುತು ಹೊಂದದ ಕಾರಣಕ್ಕೆ ಅರ್ಹರು ವಂಚಿತರಾಗಬಾರದೆಂಬುದನ್ನು ನ್ಯಾಯಾಲಯ ಎತ್ತಿ ಹೇಳಿತು.

ಆದರೆ ಈ ಆಜ್ಞೆಯನ್ನು ಗೋಡೆಯ ಮೇಲೆ ಬರೆದ ಅಂಗಡಿಯನ್ನು ನಾವು ಇನ್ನೂ ಕಾಣಬೇಕಾಗಿದೆ. ಮೇಲಾಗಿ ವಲಸಿಗನ ಕಷ್ಟ ಇನ್ನೊಂದು ಬಗೆಯದು. ಸ್ಥಳೀಯನ ಮುಖ ಅಂಗಡಿಯವನಿಗೆ ಗೊತ್ತು. ಹೆಸರು ಅವನ ಪಟ್ಟಿಯಲ್ಲುಂಟು. ದಪ್ತರದಲ್ಲಿ ಬರೆದು ಕೊಟ್ಟಾನು. ಪರರಾಜ್ಯದವನ ಕಾರ್ಡು ಕಾಣುವುದು ಯಂತ್ರದೊಳಗೆ ಮಾತ್ರ. ಯಂತ್ರ ಕಣ್ಣು ಮುಚ್ಚಿತೆಂದರೆ ಅಂಗಡಿಯವನು ಎಷ್ಟೇ ಒಳ್ಳೆಯವನಾದರೂ ಕೊಡಲು ಕೈ ಬರುವುದಿಲ್ಲ. ಯಾರಿಗೆ ದಪ್ತರ ಹೆಚ್ಚು ಬೇಕೋ ಅವರಿಗೇ ಅದು ಒದಗುವುದಿಲ್ಲ.

ಗೋಕರ್ಣದ ನೆನಪು

ಇದು ಬರಿಯ ತೊಂದರೆಯ ಮಾತೆಂದು ವಾಚಕರು ಭಾವಿಸಬಾರದು. ೨೦೧೭ರ ಸೂಚನೆ ಸುಮ್ಮನೆ ಹೊರಟುದಲ್ಲ. ಆ ವರ್ಷದ ಸೆಪ್ಟೆಂಬರದಲ್ಲಿ ಝಾರಖಂಡದ ಸಿಮಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಬಾಲೆಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಿಸಿಲ್ಲವೆಂದು ಕಾರ್ಡು ರದ್ದಾಗಿ, ಅನ್ನವಿಲ್ಲದೆ ಮಗು ಸತ್ತಿತೆಂದು ಮನೆಯವರು ಹೇಳಿದರು. ಸರಕಾರವು ರೋಗದಿಂದ ಎಂದಿತು. ನಮ್ಮ ನಾಡೂ ಇದಕ್ಕೆ ಹೊರತಾಗಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಗೋಕರ್ಣದ ಬಡ ಕುಟುಂಬವೊಂದರ ಮೂವರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಕಣ್ಣು ಮುಚ್ಚಿದರು. ಆಧಾರ್ ಜೋಡಣೆಯಿಲ್ಲದೆ ಪಡಿತರ ನಿಂತುದೇ ಕಾರಣವೆಂದು ಮಾನವ ಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್. ವಿಚಾರಣೆ ಮಾಡಿ ಹೇಳಿತು; ಅಧಿಕಾರಿಗಳು ಹಸಿವಿನ ಸಾವೆಂಬುದನ್ನು ಒಪ್ಪಲಿಲ್ಲ. ಸತ್ಯವನ್ನು ತೂಗಿ ಹೇಳುವ ತಕ್ಕಡಿ ನಮ್ಮ ಬಳಿ ಇಲ್ಲ. ಆದರೆ ಇಷ್ಟಂತೂ ದಿಟ: ಒಲೆ ಹತ್ತದ ಮನೆಯವರು ಯಂತ್ರದ ತಪ್ಪನ್ನು ಸಾಬೀತುಪಡಿಸಬೇಕಾಗಿ ಬಂದಿತೇ ಹೊರತು, ಯಂತ್ರವನ್ನಿಟ್ಟವರು ತಮ್ಮ ತಪ್ಪಿಲ್ಲವೆಂಬುದನ್ನು ಸಾಬೀತುಪಡಿಸಬೇಕಾಗಿ ಬರಲಿಲ್ಲ.

ರೈತನ ಕಡೆಗೆ ತಿರುಗಿದ ಪರದೆ

ಯಂತ್ರವನ್ನು ಬಡವನ ಕಡೆಗೆ ತಿರುಗಿಸಲು ಸಾಧ್ಯವಿಲ್ಲವೇ? ಸಾಧ್ಯವೆಂಬುದಕ್ಕೆ ನಮ್ಮ ಕರ್ನಾಟಕದಲ್ಲಿಯೇ ದೃಷ್ಟಾಂತವುಂಟು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂದಾಗ, ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ೧೭೭ ತಾಲೂಕು ಕಚೇರಿಗಳಲ್ಲಿ ಕಿಟಕಿ ತೆರೆದರು. ಅದಕ್ಕೆ ಮೊದಲು ಪಹಣಿ ಇದ್ದುದು ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ಕೈಯಲ್ಲಿ. ಒಂದು ನಕಲಿಗಾಗಿ ನಮ್ಮ ಹಿರಿಯರು ಎಷ್ಟು ಸಲ ಅಲೆದರು, ಎಷ್ಟು ಕೈಬಿಸಿ ಮಾಡಿದರು ಎಂಬುದು ಹಳ್ಳಿಯಿಂದ ಬಂದ ಯಾರಿಗೂ ಹೊಸತಲ್ಲ. ಅದು ೧೫ ರೂಪಾಯಿಗೆ ಸಿಗತೊಡಗಿತು.

ಆ ಕಿಟಕಿಯಲ್ಲಿ ಒಂದು ಸಣ್ಣ ಏರ್ಪಾಡಿತ್ತು. ಗುಮಾಸ್ತನ ಮುಂದೆ ಒಂದು ಪರದೆ, ರೈತನ ಕಡೆಗೆ ತಿರುಗಿಸಿದ ಇನ್ನೊಂದು ಪರದೆ. ತನ್ನ ಹೊಲದ ಲೆಕ್ಕದಲ್ಲಿ ಗುಮಾಸ್ತನು ಏನು ಮಾಡುತ್ತಿದ್ದಾನೆಂಬುದನ್ನು ರೈತನು, ಅದೂ ಕನ್ನಡದಲ್ಲಿ, ನಿಂತಲ್ಲಿಯೇ ನೋಡಬಹುದಿತ್ತು. ಆ ಎರಡನೆಯ ಪರದೆಗೆ ತಗಲಿದ ವೆಚ್ಚ ಎಷ್ಟು? ಆದರೆ ಅದು ಕೊಟ್ಟ ಮರ್ಯಾದೆ ಎಷ್ಟು! ಭೂಮಿ ಯೋಜನೆಯಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಹಳ್ಳಿಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಬಡ ರೈತನು ತಾಲೂಕಿಗೆ ಹೋಗಬೇಕಾಯಿತು. ಹೆಸರಿನ ಒಂದಕ್ಷರ ತಪ್ಪಿದರೆ ತಿದ್ದಿಸಲು ಮತ್ತೆ ಅಲೆದಾಟ. ಅಷ್ಟಾದರೂ ಪರದೆ ಅವನ ಕಡೆಗೆ ತಿರುಗಿತ್ತು. ಪಡಿತರದ ಯಂತ್ರದ ಮುಖ ಅಂಗಡಿಯವನ ಕಡೆಗಿದೆ. ಕೆಂಪು ದೀಪವೇಕೆ ಹತ್ತಿತೆಂದು ಆ ಆಳಂದದ ತಾಯಿಗೆ ಯಾರೂ ತೋರಿಸಲಿಲ್ಲ.

ಗಡಿಯಲ್ಲಿ ನಿಲ್ಲುವ ಪಾಲು

ಇನ್ನೊಂದು ಅನ್ಯಾಯ ನಮ್ಮ ತವರಿನಿಂದಲೇ ಬರುತ್ತಿದೆ. ಕೇಂದ್ರದ ೫ ಕಿಲೋ ಮಾತ್ರ ಗಡಿ ದಾಟುತ್ತದೆ. ಕರ್ನಾಟಕವು ಅನ್ನಭಾಗ್ಯದಲ್ಲಿ ತನ್ನ ಬೊಕ್ಕಸದಿಂದ ಕೊಟ್ಟ ಹೆಚ್ಚಿನ ಪಾಲು ಈ ಯೋಜನೆಯ ಚೌಕಟ್ಟಿಗೆ ಸೇರಿಲ್ಲ. ೨೦೨೩ರ ಜುಲೈಯಿಂದ ಆ ಪಾಲನ್ನು ಕಿಲೋಗೆ ೩೪ ರೂಪಾಯಿಯಂತೆ ಹಣವಾಗಿ ಕೊಟ್ಟರು. ೨೦೨೫ರ ಫೆಬ್ರವರಿಯ ಪಾಲಿನಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ಊರಿನಲ್ಲಿರುವವರಿಗೆ ಅದು ಒಳ್ಳೆಯದೇ ಆಗಿರಬಹುದು. ಆದರೆ ಹಣವಾದರೆ ಬ್ಯಾಂಕಿನ ಖಾತೆಗೆ ಎಲ್ಲಿಗಾದರೂ ಬಂದೀತು. ಆಳಂದದ ಅಂಗಡಿಯಲ್ಲಿ ಅಳೆಯುವ ಅಕ್ಕಿ ರಾಂಜಣಗಾಂವದ ಒಲೆಗೆ ಹೇಗೆ ಬರಬೇಕು? ಹಾಗೆಯೇ, ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯಂಥ ಯೋಜನೆಗಳ ಅರ್ಜಿ ತೆಗೆದುಕೊಂಡ ಕೇಂದ್ರಗಳಿದ್ದುದು ಕರ್ನಾಟಕದೊಳಗೆ. ಒಂದು ಅರ್ಜಿಗಾಗಿ ಬಸ್ ಹತ್ತಿ ಊರಿಗೆ ಹೋಗಿ ಬಂದ ಹೆಂಗಸರನ್ನು ನಾವು ಬಲ್ಲೆವು.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ೧೯೭೯ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಲ್ಲಿ ಒಂದು ಸುಂದರವಾದ ವಿಧಿಯಿತ್ತು. ಗುತ್ತಿಗೆದಾರನು ಪ್ರತಿಯೊಬ್ಬ ಕೂಲಿಗೂ ಭಾವಚಿತ್ರ ಅಂಟಿಸಿದ ಪಾಸ್‌ಪುಸ್ತಕ ಕೊಡಬೇಕು. ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿ ಇತ್ಯಾದಿ ವಿವರಗಳು ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರವಲ್ಲ, ಆ ಕಾರ್ಮಿಕನ ಸ್ವಂತ ಭಾಷೆಯಲ್ಲಿಯೂ ಇರಬೇಕು. ಆಚರಣೆಯಲ್ಲಿ ನಾವು ಅಂಥ ಪುಸ್ತಕವನ್ನು ಒಬ್ಬನ ಕೈಯಲ್ಲಿಯೂ ಕಂಡವರಲ್ಲ. ೨೦೨೫ರ ನವೆಂಬರ ೨೧ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಹಿಂದೆ ಸರಿಯಿತು. ಹೊಸ ಸಂಹಿತೆಯೂ ವಲಸಿಗನು ಪಡಿತರವನ್ನು ತವರಿನಲ್ಲಿಯಾದರೂ ದುಡಿಯುವ ರಾಜ್ಯದಲ್ಲಿಯಾದರೂ ಪಡೆಯಬಹುದೆಂದು ಹೇಳುತ್ತದೆ, ಸಂತೋಷ. ಆದರೆ ಸ್ವಂತ ಭಾಷೆಯ ಆ ಹಳೆಯ ತತ್ತ್ವ ಕಳೆದುಹೋಗಬಾರದು. ಅದು ಅಸಾಧ್ಯವೇನೂ ಅಲ್ಲ. ೨೦೨೧ರ ಆಗಸ್ಟ್ ೨೬ರಂದು ಆರಂಭವಾದ ಇ-ಶ್ರಮ ನೋಂದಣಿಯಲ್ಲಿ ಕನ್ನಡ ಇತ್ತು. ೨೦೨೫ರ ಜನವರಿಯಲ್ಲಿ ಅದು ೨೨ ಭಾಷೆಗಳಿಗೆ ವಿಸ್ತರಿಸಿತು. ಪರದೆಗೆ ಕನ್ನಡ ಬಂದಿದೆ. ಅಕ್ಷರವರಿಯದವಳಿಗೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳುವ ಮನುಷ್ಯ ಕಿಟಕಿಗೆ ಬಂದಿಲ್ಲ.

ಏನಾಗಬೇಕು?

೨೦೨೫ರ ಏಪ್ರಿಲ್ ೩೦ರಂದು ಸರ್ವೋಚ್ಚ ನ್ಯಾಯಾಲಯವು, ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಹೀನರು ತಂದ ಮೊಕದ್ದಮೆಗಳಲ್ಲಿ, ಡಿಜಿಟಲ್ ಸೌಲಭ್ಯವನ್ನು ಪಡೆಯುವುದು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಕಣ್ಣು ಮಿಟುಕಿಸಲಾರದವರನ್ನು ಕಣ್ಣು ಮಿಟುಕಿಸೆಂದು ಕೇಳುವ ಯಂತ್ರ ಹೇಗೆ ಅನ್ಯಾಯವೋ, ಗೆರೆಯಿಲ್ಲದ ಬೆರಳಿಗೆ ಗೆರೆ ಕೇಳುವುದೂ ಹಾಗೆಯೇ ಅನ್ಯಾಯ. ಇದನ್ನು ಆಧಾರವಾಗಿಟ್ಟುಕೊಂಡು ಉಭಯ ಸರಕಾರಗಳಿಗೆ ನಮ್ಮ ಬಿನ್ನಹ ಇಷ್ಟು.

ಮೊದಲನೆಯದು ಮತ್ತು ಮುಖ್ಯವಾದುದು: ಇಲ್ಲವೆಂದವರು ಬರೆದು ಕೊಡಲಿ. ಧಾನ್ಯ ನಿರಾಕರಿಸಿದಾಗ ತಾರೀಖು, ಕಾರಣ, ಮೇಲಣ ಅಧಿಕಾರಿಯ ಹೆಸರು ಇರುವ ಚೀಟಿಯನ್ನು ಯಂತ್ರವೇ ಮುದ್ರಿಸಿ ಕೊಡಬೇಕು. ಆಹಾರ ಭದ್ರತಾ ಕಾಯಿದೆಯ ೮ನೆಯ ಕಲಮಿನಲ್ಲಿ, ಸಲ್ಲಬೇಕಾದ ಧಾನ್ಯ ಸಲ್ಲದಿದ್ದರೆ ಸರಕಾರವು ಆಹಾರ ಭದ್ರತಾ ಭತ್ಯೆ ಕೊಡಬೇಕೆಂದಿದೆ. ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕೆಂದೂ ಇದೆ. ಚೀಟಿಯಿಲ್ಲದವನು ಈ ಬಾಗಿಲುಗಳನ್ನು ಯಾವ ಆಧಾರದಿಂದ ತಟ್ಟಬೇಕು?

ಎರಡನೆಯದು: ೨೦೧೭ರ ದಪ್ತರದ ನಿಯಮ ಪರರಾಜ್ಯದ ಕಾರ್ಡಿಗೂ ಅನ್ವಯವಾಗಲಿ, ಮತ್ತು ಅದನ್ನು ಪ್ರತಿ ಅಂಗಡಿಯಲ್ಲಿ ಮರಾಠಿಯೊಡನೆ, ಕನ್ನಡಿಗರು ಹೆಚ್ಚಿರುವಲ್ಲಿ ಕನ್ನಡದಲ್ಲಿಯೂ ಬರೆಯಿಸಲಿ. ಮೂರನೆಯದು: ಕರ್ನಾಟಕ ಸರಕಾರವು ಪುಣೆಯಲ್ಲಿ ಒಂದು ಸೇವಾ ಕಿಟಕಿ ತೆರೆದು, ಕನ್ನಡ ಬಲ್ಲ ಒಬ್ಬ ನೌಕರನನ್ನು ಕೂಡಿಸಲಿ, ಹೊರಗಿರುವವರ ಹೆಚ್ಚಿನ ಪಾಲನ್ನು ಖಾತೆಗೆ ಹಣವಾಗಿ ಹಾಕುವ ಉಪಾಯ ಮಾಡಲಿ.

ನಾಲ್ಕನೆಯದು ಸರಕಾರಕ್ಕಲ್ಲ, ನಮ್ಮ ಹೊಟೇಲು ಬಂಧುಗಳಿಗೆ. ಇಂದು ರಾತ್ರಿ ಗಲ್ಲಾ ಮುಚ್ಚುವ ಮುನ್ನ, ನಿಮ್ಮಲ್ಲಿರುವವರ ಆಧಾರಿಗೆ ಯಾವ ಮೊಬೈಲು ಸಂಖ್ಯೆ ಸೇರಿದೆಯೆಂದು ಒಬ್ಬೊಬ್ಬರನ್ನೂ ಕೇಳಿರಿ. ನಿಮ್ಮದಾಗಿದ್ದರೆ, ಅವರಿಗೊಂದು ದಿನದ ಪಗಾರಸಹಿತ ರಜೆ ಕೊಟ್ಟು ಬದಲಿಸಿ ಕೊಡಿರಿ. ಪಾತ್ರೆ ತೊಳೆಯುವವರಿಗೆ ರಬ್ಬರಿನ ಕೈಚೀಲ ಕೊಡಿರಿ; ಅದರ ಬೆಲೆ ಒಂದು ಮಸಾಲೆ ದೋಸೆಯ ಬೆಲೆಗಿಂತ ಹೆಚ್ಚಲ್ಲ. ಪಡಿತರದ ತೊಂದರೆಯಾದವರು ೧೪೪೪೫ ಅಥವಾ ೧೯೬೭ಕ್ಕೆ ಫೋನು ಮಾಡಬಹುದೆಂಬುದನ್ನು ಅಡಿಗೆಮನೆಯ ಗೋಡೆಗೆ ಬರೆಯಿಸಿರಿ.

ಹೊಟೇಲಿನಲ್ಲಿ ಎಷ್ಟೋ ಸಲ ಬಿಲ್ಲಿನ ಯಂತ್ರ ಕೆಟ್ಟಿದ್ದುಂಟು. ಎಲೆಯ ಮುಂದೆ ಕುಳಿತ ಗಿರಾಕಿಯನ್ನು ಅದಕ್ಕಾಗಿ ಎಬ್ಬಿಸಿದವರನ್ನು ನಾವು ಕಂಡಿಲ್ಲ. ಪೆನ್ಸಿಲು ತೆಗೆದು ಚೀಟಿಯ ಮೇಲೆ ಬರೆದು ಬಡಿಸಿದೆವು. ಯಂತ್ರ ಸರಿಯಾದ ಮೇಲೆ ಲೆಕ್ಕ ಹಚ್ಚಿದೆವು. ಎಸ್.ಎಸ್.ಎಲ್.ಸಿ. ಓದಿದ ಹೊಟೇಲಿನವರಿಗೆ ತಿಳಿದ ಈ ಸಣ್ಣ ನೀತಿ, ಇಷ್ಟು ದೊಡ್ಡ ದೇಶವನ್ನು ನಡೆಸುವ ವಿದ್ಯಾವಂತರಿಗೆ ತಿಳಿಯದಿರಲಾರದು. ಆಳಂದದ ಆ ತಾಯಿಗೆ ಬರಬೇಕಾದ ೨೦ ಕಿಲೋ ಧಾನ್ಯ ಲೆಕ್ಕದಲ್ಲಿ ಬಾಕಿಯಿದೆ. ಅದನ್ನು ನಾವು ಮರೆತಿಲ್ಲ.